ಕೆರೆ ಏರಿ ಸೋರಿದರೆ: ದೋಷ ಎಲ್ಲಿದೆ, ಎಷ್ಟು ಹೊತ್ತು ಉಳಿದಿದೆ ಎಂದು ಪತ್ತೆ ಹಚ್ಚುವ ಕೈಪಿಡಿ

ಏರಿಯ ಹೊರಮೈಯಲ್ಲಿ ನೀರು ಕಂಡಿತೆಂದರೆ ಮೊದಲು ಒಂದು ಖಾಲಿ ಬಾಟಲಿ ಹಿಡಿದುಕೊಂಡು ಅಲ್ಲಿಗೆ ಹೋಗಿ. ಸೋರುವ ನೀರನ್ನು ತುಂಬಿಸಿ ಬೆಳಕಿಗೆ ಹಿಡಿಯಿರಿ. ತಿಳಿಯಾಗಿದ್ದರೆ ಅಳೆಯಲು, ಯೋಚಿಸಲು, ಇಂಜಿನಿಯರನ್ನು ಕರೆಸಲು ಹೊತ್ತಿದೆ. ಬಗ್ಗಡವಾಗಿದ್ದರೆ ನೀರು ಏರಿಯ ಹೊಟ್ಟೆಯೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ. ಆಗ ಈ ಬರಹದ ಕೊನೆಯ ಭಾಗಕ್ಕೆ ನೇರವಾಗಿ ಹೋಗಿ, ಉಳಿದದ್ದನ್ನು ನಾಳೆ ಓದಬಹುದು.

ಬಗ್ಗಡ ನೀರು ಕಂಡ ಮೇಲೆ ಎಷ್ಟು ಹೊತ್ತು ಸಿಗುತ್ತದೆ? ಅಮೆರಿಕದ ಇಡಾಹೊ ರಾಜ್ಯದ ಟೀಟನ್ ಅಣೆಕಟ್ಟು ಸುಮಾರು 93 ಮೀಟರ್ ಎತ್ತರದ ಮಣ್ಣಿನ ಕಟ್ಟೆ. 1976ರ ಜೂನ್ 5ರ ಬೆಳಿಗ್ಗೆ ಅದರ ಹೊರಮೈಯಲ್ಲಿ ಬಗ್ಗಡ ನೀರು ಕಂಡಿತು. ಮಧ್ಯಾಹ್ನ ಹನ್ನೆರಡು ಹೊಡೆಯುವ ಮೊದಲೇ ಕಟ್ಟೆ ಒಡೆದಿತ್ತು. ಬಾಯಿ ಮುಚ್ಚಲು ಇಳಿದಿದ್ದ ಎರಡು ಬುಲ್ಡೋಜರ್‌ಗಳೂ ಕೊಚ್ಚಿಹೋದವು. 11 ಜನ ಸತ್ತರು. ನಮ್ಮ ಐದಾರು ಮೀಟರ್ ಎತ್ತರದ ಏರಿಗಳಲ್ಲಿ ನೀರಿನ ಒತ್ತಡ ಅಷ್ಟಿಲ್ಲ, ನಿಜ. ಆದರೆ ಏರಿಯ ದಪ್ಪವೂ ಅಷ್ಟಿಲ್ಲ. ಒಳಗಿನಿಂದ ಹೊರಗೆ ಬರಲು ನೀರಿಗೆ ಹದಿನೈದಿಪ್ಪತ್ತು ಮೀಟರ್ ದಾರಿ ಅಷ್ಟೇ.

ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಮಣ್ಣಿನ ಏರಿಯ ಕೆರೆಗಳಿಗೆ ಮತ್ತು ಸಣ್ಣ ಅಣೆಕಟ್ಟುಗಳಿಗೆ. ಕರ್ನಾಟಕದಲ್ಲಿ 40 ಹೆಕ್ಟೇರಿನಿಂದ 2000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಚಿಕ್ಕವು ಪಂಚಾಯತಿ ವ್ಯವಸ್ಥೆಯವು. ಅಣೆಕಟ್ಟು ಸುರಕ್ಷತಾ ಕಾಯ್ದೆ 2021 ಹದಿನೈದು ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಮತ್ತು ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರ್ ಎತ್ತರದವಕ್ಕೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ತಪಾಸಣೆ ಕಡ್ಡಾಯ ಮಾಡಿದೆ. ಊರ ಕೆರೆಗಳಲ್ಲಿ ಬಹುಪಾಲು ಈ ಅಳತೆಯೊಳಗೆ ಬರುವುದಿಲ್ಲ. ಹಾಗಾಗಿ ಅವನ್ನು ನೋಡುವ ಕಣ್ಣು ಊರಿನದ್ದೇ ಆಗಿರಬೇಕು: ನೀರುಗಂಟಿ, ಕೆರೆ ಬಳಕೆದಾರರ ಸಂಘ, ಏರಿಯ ಕೆಳಗೆ ಗದ್ದೆ ಇರುವವರು.

ಎಲ್ಲಕ್ಕೂ ಮೊದಲು ಅಳತೆ

ಮಣ್ಣಿನ ಏರಿ ಎಂದ ಮೇಲೆ ಒಸರು ಇದ್ದೇ ಇರುತ್ತದೆ. ಕೆರೆಯ ಮಟ್ಟ ಏರಿದಂತೆ ಒಸರು ಹೆಚ್ಚುವುದು, ಇಳಿದಂತೆ ಕಡಿಮೆಯಾಗುವುದು ಆರೋಗ್ಯದ ಲಕ್ಷಣ. ಮಟ್ಟ ಅಷ್ಟೇ ಇದ್ದು ಒಸರು ಮಾತ್ರ ಹೆಚ್ಚಿದರೆ ಒಳಗೆ ದಾರಿ ಅಗಲವಾಗುತ್ತಿದೆ. ಹಾಗೆಯೇ ಮಟ್ಟ ಇಳಿಯದೆ ಒಸರು ದಿಢೀರನೆ ನಿಂತರೂ ಖುಷಿಪಡಬೇಡಿ. ಬುಡದ ಕಲ್ಲುಚರಂಡಿ ಕಟ್ಟಿಕೊಂಡು ನೀರು ಬೇರೆ ಕಡೆ ಹೊರಡಲು ದಾರಿ ಹುಡುಕುತ್ತಿರಬಹುದು. ಆ ದಿನವೇ ಏರಿಯ ಉದ್ದಕ್ಕೂ ನಡೆದು ಹೊಸ ಒದ್ದೆ ಜಾಗ ಹುಡುಕಿ. ಇದೆಲ್ಲ ಗೊತ್ತಾಗಬೇಕಾದರೆ ಕೆರೆ ಮಟ್ಟ, ಒಸರಿನ ಪ್ರಮಾಣ ಎರಡನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯುತ್ತ ಬಂದಿರಬೇಕು.

ಮಟ್ಟಕ್ಕೆ ತೂಬಿನ ಕಂಬದ ಮೇಲೆ 10 ಸೆಂಟಿಮೀಟರಿಗೊಂದು ಗೆರೆ ಬಳಿದರೆ ಸಾಕು. ಒಸರಿಗೆ ಬುಡದಲ್ಲಿ ಸಣ್ಣ ಕಾಲುವೆ ತೆಗೆದು ಎಲ್ಲ ನೀರನ್ನೂ ಒಂದೆಡೆ ಸೇರಿಸಿ, ಅಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಇರುವ ಉಕ್ಕಿನ ತಗಡು ನಿಲ್ಲಿಸಿ. ಕಚ್ಚಿನ ಅಂಚು ಚೂಪಾಗಿರಲಿ, ನೀರು ತಗಡಿಗೆ ಅಂಟದೆ ಮುಂದೆ ಚಿಮ್ಮಿ ಬೀಳಲಿ. ತಗಡಿನ ಹಿಂದೆ ಅರ್ಧ ಮೀಟರ್ ದೂರದಲ್ಲಿ, ಕಚ್ಚಿನ ತುದಿಯ ಮಟ್ಟದಿಂದ ನೀರು ಎಷ್ಟು ಮೇಲಿದೆ ಎಂದು ಅಳೆಯಿರಿ. 5 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 0.77 ಲೀಟರ್, 7 ಇದ್ದರೆ 1.8, 10 ಇದ್ದರೆ 4.4 ಲೀಟರ್. ಎತ್ತರ ಇಮ್ಮಡಿಯಾದರೆ ನೀರು ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದನ್ನು ಗಮನಿಸಿ. ಒಂದೆರಡು ಸೆಂಟಿಮೀಟರ್ ಏರಿಕೆಯನ್ನು ಅಳತೆಯ ತಪ್ಪು ಎಂದು ತಳ್ಳಿಹಾಕುವುದು ಇಲ್ಲಿ ನಡೆಯುವ ಸಾಮಾನ್ಯ ಪ್ರಮಾದ. ಮಳೆ ಬಂದ ದಿನದ ಅಳತೆಗೆ ಮಾತ್ರ ಗುರುತು ಹಾಕಿ, ಬೇರೆ ದಿನಗಳದ್ದರ ಜೊತೆ ಹೋಲಿಸಬೇಡಿ.

ಬಾಟಲಿಯ ನೀರನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟು ತಳ ನೋಡಿ. ಲೀಟರಿಗೆ ಒಂದೇ ಗ್ರಾಂ ಮಣ್ಣು ಕೂತರೂ, ಸೆಕೆಂಡಿಗೆ ಒಂದು ಲೀಟರ್ ಸೋರುವ ಏರಿಯಿಂದ ದಿನಕ್ಕೆ 86 ಕಿಲೋ ಮಣ್ಣು ಹೋಗುತ್ತಿದೆ ಎಂದಾಯಿತು. ಅಷ್ಟು ಜಾಗ ಏರಿಯೊಳಗೆ ಟೊಳ್ಳಾಗುತ್ತಿದೆ.

ಇನ್ನೊಂದು ಸಂದೇಹ ಆಗಾಗ ಬರುತ್ತದೆ: ಈ ನೀರು ಕೆರೆಯದೋ, ಪಕ್ಕದ ಗುಡ್ಡದ ಒರತೆಯದೋ? ಕೊಳವೆಬಾವಿ ನೀರು ನೋಡಲು ಬಳಸುವ ಟಿಡಿಎಸ್ (ಕರಗಿದ ಲವಣ) ಮೀಟರಿನಲ್ಲಿ ಕೆರೆ ನೀರು, ಸೋರುವ ನೀರು, ಹತ್ತಿರದ ತೆರೆದ ಬಾವಿಯ ನೀರು ಮೂರನ್ನೂ ಅಳೆಯಿರಿ. ಮಳೆನೀರು ತುಂಬಿದ ಕೆರೆಯ ಅಂಕಿ ಸಾಮಾನ್ಯವಾಗಿ ಕಡಿಮೆ, ಅಂತರ್ಜಲದ್ದು ಹೆಚ್ಚು. ಸೋರುವ ನೀರಿನ ಅಂಕಿ ಕೆರೆಯದಕ್ಕೆ ಹತ್ತಿರವಿದ್ದರೆ ನೀರು ಏರಿಯ ಮೂಲಕ ನೇರವಾಗಿ, ಬೇಗ ಬರುತ್ತಿದೆ.

ಹೊರಮೈ ಒದ್ದೆಯಾಗಿದೆ, ನೀರು ತಿಳಿಯಾಗಿದೆ

ಒದ್ದೆ ಎಷ್ಟು ಎತ್ತರದಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಏರಿಯೊಳಗೆ ನೀರಿನ ಗೆರೆ ಪ್ರತಿ 4 ಮೀಟರಿಗೆ 1 ಮೀಟರ್ ಇಳಿಯುತ್ತದೆ ಎಂದು ಹಿಡಿಯುವುದು ವಾಡಿಕೆ. ಒಂದು ಏರಿ 6.5 ಮೀಟರ್ ಎತ್ತರ, ನೀರು 5 ಮೀಟರ್, ನೆತ್ತಿಯ ಅಗಲ 3 ಮೀಟರ್, ಎರಡೂ ಬದಿಯ ಇಳಿಜಾರು ಎರಡಕ್ಕೆ ಒಂದು (ಎರಡು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಎತ್ತರ) ಎಂದುಕೊಳ್ಳಿ. ಲೆಕ್ಕ ಹಾಕಿದರೆ ನೀರಿನ ಗೆರೆ ಹೊರಮೈಗೆ ಬುಡದಿಂದ ಸುಮಾರು ಅರ್ಧ ಮೀಟರ್ ಮೇಲೆ ಬಂದು ಮುಟ್ಟುತ್ತದೆ. ಅಲ್ಲಿ ಒದ್ದೆ ಕಂಡರೆ ಅಚ್ಚರಿಯಿಲ್ಲ. ಬುಡದಲ್ಲಿ ಕಲ್ಲು–ಜಲ್ಲಿ–ಮರಳಿನ ಸೋಸುಪದರ ಹಾಕಿದರೆ ಸರಿಹೋಗುತ್ತದೆ.

ಈಗ ಅದೇ ಏರಿಯ ಬುಡವನ್ನು ಗದ್ದೆ ಅಗಲಿಸಲೋ ರಸ್ತೆ ಮಾಡಲೋ 3 ಮೀಟರ್ ಒಳಕ್ಕೆ ನೇರವಾಗಿ ಕಡಿದರೆಂದುಕೊಳ್ಳಿ. ಒಂದೂವರೆ ಮೀಟರ್ ಎತ್ತರದ ಆ ಬೋಳುಗೋಡೆಯಲ್ಲಿ ಒಂದು ಮೀಟರ್ ಎತ್ತರಕ್ಕೆ ನೀರು ಬಂದು ನಿಲ್ಲುತ್ತದೆ. ಒದ್ದೆ ಮಣ್ಣಿನ ಕಡಿದಾದ ಗೋಡೆ ಕುಸಿಯದೆ ಇರಲಾರದು, ಕುಸಿದಂತೆಲ್ಲ ನೀರಿನ ದಾರಿ ಇನ್ನೂ ಚಿಕ್ಕದಾಗುತ್ತದೆ. ಬೆಂಗಳೂರಿನ ಹುಳಿಮಾವು ಕೆರೆಯ ಏರಿ 2019ರ ನವೆಂಬರ್ 24ರಂದು ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದು ಏರಿಯನ್ನು ಅಗೆದದ್ದರಿಂದ. ಏರಿಯ ಬುಡ ಖಾಲಿ ಜಾಗವಲ್ಲ, ಅದು ಏರಿಯ ಭಾರ ಹೊರುವ ಕಾಲು. ಮೊದಲು ಬುಡದ ಮಣ್ಣು ಕಡಿದವರಾರು, ಎಷ್ಟು ಕಡಿದರು ಎಂದು ವಿಚಾರಿಸಿ. ಅರ್ಧ ದೋಷಗಳ ಮೂಲ ಅಲ್ಲೇ ಸಿಗುತ್ತದೆ.

ಲೆಕ್ಕಕ್ಕಿಂತ ಬಹಳ ಮೇಲೆ, ಹೊರಮೈಯ ನಡುಮಟ್ಟದಲ್ಲೋ ಅದಕ್ಕೂ ಮೇಲೋ ಒದ್ದೆ ಇದ್ದರೆ ಎರಡು ಸಾಧ್ಯತೆ. ಉದ್ದಕ್ಕೂ ಒಂದೇ ಮಟ್ಟದಲ್ಲಿ ಪಟ್ಟಿಯಂತೆ ಒದ್ದೆಯಿದ್ದರೆ, ಏರಿ ಎತ್ತರಿಸುವಾಗ ಹಳೆಯ ಮೇಲ್ಮೈಯನ್ನು ಕೆದಕದೆ ಹೊಸ ಮಣ್ಣು ಸುರಿದಿದ್ದಾರೆ. ಎರಡರ ನಡುವಿನ ಸಂದು ಸೋರುತ್ತಿದೆ. ಒಂದೇ ಜಾಗದಲ್ಲಿ ತಟ್ಟೆಯಗಲ ಒದ್ದೆಯಿದ್ದರೆ ಬಿಲವೋ ಬೇರಿನ ಟೊಳ್ಳೋ ಇದೆ.

ಮಾಡಬಾರದ ಕೆಲಸ ಒಂದಿದೆ, ಅದನ್ನೇ ಹೆಚ್ಚು ಕಡೆ ಮಾಡುತ್ತಾರೆ: ಸೋರುವ ಹೊರಮೈಗೆ ಜೇಡಿಮಣ್ಣು ಮೆತ್ತುವುದು, ಸಿಮೆಂಟ್ ಬಳಿಯುವುದು. ನೀರು ಕಾಣದಾಗುತ್ತದೆ, ಆದರೆ ಏರಿಯೊಳಗೇ ತುಂಬಿಕೊಂಡು ಒತ್ತಡ ಏರಿಸುತ್ತದೆ; ಒಂದು ದಿನ ಇಡೀ ಮೈ ಜಾರುತ್ತದೆ. ತಡೆಯಬೇಕಾದದ್ದು ಒಳಮೈಯಲ್ಲಿ, ಹೊರಮೈಯಲ್ಲಿ ಮಾಡಬೇಕಾದದ್ದು ನೀರನ್ನು ಹೊರಬಿಟ್ಟು ಮಣ್ಣನ್ನು ಹಿಡಿದಿಡುವುದು.

ಬಿಲ, ಹುತ್ತ, ಬಳ್ಳಾರಿ ಜಾಲಿ

ಹೆಗ್ಗಣ ಮತ್ತು ಏಡಿಯ ಬಿಲ ಒಳಮೈಯಲ್ಲಿ ನೀರಿನಂಚಿನ ಮಟ್ಟದಲ್ಲಿ ಹೆಚ್ಚು. ಬೇಸಿಗೆಯಲ್ಲಿ ನೀರು ಇಳಿದಾಗ ಹುಡುಕುವುದು ಸುಲಭ. ಹುತ್ತ ಹೊರಗೆ ಕಾಣುವುದಕ್ಕಿಂತ ಒಳಗೇ ದೊಡ್ಡದು. ಮೇಲೆ ಕೆಡವಿ ಸಮ ಮಾಡಿದರೆ ಪ್ರಯೋಜನವಿಲ್ಲ. ಗೂಡಿನ ತಳ ಸಿಗುವವರೆಗೆ ಅಗೆದು, ಬದಿಗಳನ್ನು ಮೆಟ್ಟಿಲಾಗಿ ಕಡಿದು, ಏರಿಯದ್ದೇ ಜಾತಿಯ ಮಣ್ಣನ್ನು ಹದವಾದ ತೇವದಲ್ಲಿ 15 ಸೆಂಟಿಮೀಟರ್ ಪದರಗಳಾಗಿ ಹಾಕಿ ದಮ್ಮಸು ಮಾಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು: ಅದೇ ಹದ.

ಮರ ಕಡಿಯುವಾಗಲೂ ಇದೇ ಎಚ್ಚರ. ಏರಿಯ ಮೇಲಿನ ದೊಡ್ಡ ಬಳ್ಳಾರಿ ಜಾಲಿಯನ್ನು ಬುಡ ಬಿಟ್ಟು ಕಡಿದು ಹೋದರೆ, ನಾಲ್ಕಾರು ವರ್ಷಗಳಲ್ಲಿ ಬೇರು ಕೊಳೆತು ಕೈ ತೂರುವಷ್ಟು ಕೊಳವೆಗಳು ಉಳಿಯುತ್ತವೆ. ಸ್ವಚ್ಛ ಮಾಡಿದ ಏರಿ ಕೆಲವು ವರ್ಷಗಳ ನಂತರ ಸೋರತೊಡಗಿದರೆ ಕಾರಣ ಇದೇ ಇರಬಹುದು. ಸಸಿಯಾಗಿದ್ದಾಗಲೇ ಕೀಳಿ. ದೊಡ್ಡದನ್ನು ಕೆರೆ ಖಾಲಿಯಿದ್ದಾಗ ಬೊಡ್ಡೆ ಸಮೇತ ಕಿತ್ತು, ಹಳ್ಳವನ್ನು ಮೇಲಿನಂತೆಯೇ ತುಂಬಿ. ಹುಲ್ಲು ಇರಲಿ, ಅದು ಏರಿಯ ಹೊದಿಕೆ.

ದುರಸ್ತಿಗೆ ತರುವ ಮಣ್ಣನ್ನೂ ಪರೀಕ್ಷಿಸಿ. ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು ಬಟಾಣಿ ಗಾತ್ರದ ಹೆಂಟೆಯನ್ನು ನಿಧಾನ ಬಿಡಿ. ಕೊಳವೆಬಾವಿ ನೀರು ಬೇಡ, ಅದರ ಉಪ್ಪು ದೋಷವನ್ನು ಮುಚ್ಚಿಡುತ್ತದೆ. ಹೆಂಟೆ ಪುಡಿಯಾಗಿ ಸುತ್ತಲಿನ ನೀರು ತಿಳಿಯಾಗಿಯೇ ಇದ್ದರೆ ಚಿಂತೆಯಿಲ್ಲ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಮೋಡ ತಳದಲ್ಲಿ ಹರಡಿ ಗಂಟೆಯಾದರೂ ಇಳಿಯದಿದ್ದರೆ ಅದು ನೀರಿಗೆ ಕರಗುವ ಸೋಡಿಯಂ ಮಣ್ಣು. ಏರಿಗೆ ಬೇಡವೇ ಬೇಡ.

ತೂಬು

ಏರಿಯನ್ನು ಅಡ್ಡಕ್ಕೆ ತೂರಿಕೊಂಡು ಹೋಗುವ ಒಂದೇ ಕಟ್ಟಡ ತೂಬು. ಆದ್ದರಿಂದ ಏರಿ ಒಳಗಿಂದ ಕೊರೆಯುವುದು ಇದರ ಪಕ್ಕದಲ್ಲೇ ಹೆಚ್ಚು. ಬಾಗಿಲು ಪೂರ್ತಿ ಮುಚ್ಚಿದ ಮೇಲೂ ಕೊಳವೆಯಲ್ಲಿ ತಿಳಿನೀರು ಹರಿದರೆ ಬಾಗಿಲ ಅಂಚಿನ ರಬ್ಬರೋ ಮರದ ಪಟ್ಟಿಯೋ ಹೋಗಿದೆ, ತುರ್ತಿಲ್ಲ. ಬಗ್ಗಡ ಬಂದರೆ ಕೊಳವೆಯ ಗೋಡೆಯ ಸಂದಿನಿಂದ ಏರಿಯ ಮಣ್ಣು ಒಳಗೆ ಬೀಳುತ್ತಿದೆ. ಕೊಳವೆಯ ಹೊರಗೆ, ಕಲ್ಲುಗಾರೆ ಮತ್ತು ಮಣ್ಣಿನ ನಡುವೆ ನೀರು ಬರುತ್ತಿದ್ದರೆ ಎಲ್ಲಕ್ಕಿಂತ ಅಪಾಯ. ನೆತ್ತಿಯ ಮೇಲೆ ತೂಬಿನ ಸಾಲಿನಲ್ಲೇ ತಗ್ಗು ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಕೆಳಗೆ ಟೊಳ್ಳು ಬಲಿತಿದೆ. ನೆತ್ತಿಯ ಗುಂಡಿಗೆ ಮಣ್ಣು ಸುರಿದು ಸಮ ಮಾಡುವವರು ರೋಗದ ಗುರುತನ್ನೇ ಅಳಿಸುತ್ತಾರೆ.

ತೂಬಿನ ಸ್ಕ್ರೂ ರಾಡ್ ತುಕ್ಕು ಹಿಡಿದು ತಿರುಗದಿದ್ದರೆ ಅದನ್ನು ಬರೀ ನೀರಾವರಿಯ ತೊಂದರೆ ಎಂದುಕೊಳ್ಳಬೇಡಿ. ತುರ್ತಿನಲ್ಲಿ ಕೆರೆ ಇಳಿಸಲು ಇರುವ ಮುಖ್ಯ ದಾರಿ ಅದೇ. ವರ್ಷಕ್ಕೆರಡು ಬಾರಿ ಗ್ರೀಸ್ ಹಚ್ಚಿ ಪೂರ್ತಿ ಎತ್ತಿ ಇಳಿಸಿ.

ಬಿರುಕು

ಬೇಸಿಗೆಯಲ್ಲಿ ಎರೆಮಣ್ಣಿನ ಏರಿ ನೆತ್ತಿಯುದ್ದಕ್ಕೂ ಬಿರಿಯುವುದು ಸಹಜ. ಬಿರುಕಿನ ಎರಡು ಅಂಚುಗಳಲ್ಲಿ ಒಂದು ತಗ್ಗಿದ್ದರೆ, ಅಥವಾ ಬಿರುಕು ಬಿಲ್ಲಿನಂತೆ ಬಾಗಿ ಇಳಿಜಾರಿನ ಕಡೆ ತಿರುಗಿದ್ದರೆ ಆ ಭಾಗ ಜಾರಲು ಹೊರಟಿದೆ. ಎರಡೂ ಬದಿಗೆ ಗೂಟ ಹೊಡೆದು ದಿನವೂ ಅಂತರ ಅಳೆಯಿರಿ. ನೆತ್ತಿಯನ್ನು ಅಡ್ಡಕ್ಕೆ ದಾಟುವ ಬಿರುಕು, ಎಷ್ಟೇ ಸಣ್ಣದಾದರೂ, ನೀರಿಗೆ ತೆರೆದ ಬಾಗಿಲು. ಸುಣ್ಣದ ತಿಳಿ ಸುರಿದು, ಬಿಳಿ ಗೆರೆ ಹೋದಷ್ಟು ಆಳ ಮತ್ತು ಅದರಾಚೆ 30 ಸೆಂಟಿಮೀಟರ್ ಅಗೆದು ತುಂಬಿ. ಮೇಲಿಂದ ಮಣ್ಣು ಉದುರಿಸಿ ಮುಚ್ಚಿದರೆ ಒಳಗಿನ ಸೀಳು ಹಾಗೇ ಉಳಿಯುತ್ತದೆ.

ಕೋಡಿ: ಸೋರದ ಏರಿಯೂ ಒಡೆಯುವ ಜಾಗ

ಮಣ್ಣಿನ ಏರಿ ತನ್ನ ನೆತ್ತಿಯ ಮೇಲೆ ನೀರು ಹರಿಯುವುದನ್ನು ತಾಳುವುದಿಲ್ಲ. ಆದ್ದರಿಂದ ಕೋಡಿಯ ಉದ್ದ, ಎತ್ತರ, ಮುಂದಿನ ಕಾಲುವೆ ಮೂರೂ ಮೊದಲು ಕಟ್ಟಿದಾಗ ಇದ್ದಂತೆಯೇ ಇರಬೇಕು. ಒಂದು ಲೆಕ್ಕ ನೋಡಿ. 30 ಮೀಟರ್ ಉದ್ದದ ಕೋಡಿಯ ಮೇಲೆ 60 ಸೆಂಟಿಮೀಟರ್ ನೀರು ಹರಿದರೆ ಸೆಕೆಂಡಿಗೆ ಸುಮಾರು 24 ಘನ ಮೀಟರ್ ಹೊರಹೋಗುತ್ತದೆ. ಮೀನು ತಪ್ಪಿಸಿಕೊಳ್ಳದಿರಲೆಂದು ಕಟ್ಟಿದ ಬಲೆಗೆ ಕಸಕಡ್ಡಿ, ಜೊಂಡು ಸಿಕ್ಕಿ ಅರ್ಧ ಕೋಡಿ ಮುಚ್ಚಿಕೊಂಡರೆ ಅಷ್ಟೇ ನೀರು ಹೋಗಲು ಮಟ್ಟ 95 ಸೆಂಟಿಮೀಟರಿಗೆ ಏರಬೇಕು. ಜೊತೆಗೆ ಇನ್ನಷ್ಟು ನೀರು ನಿಲ್ಲಲಿ ಎಂದು ಯಾರಾದರೂ 30 ಸೆಂಟಿಮೀಟರ್ ಮರಳು ಚೀಲ ಜೋಡಿಸಿದ್ದರೆ 125. ಕೋಡಿಯಿಂದ ನೆತ್ತಿಗೆ ಇರುವುದೇ ಒಂದೂವರೆ ಮೀಟರ್. ದನ, ಗಾಡಿ, ಟ್ರ್ಯಾಕ್ಟರ್ ಓಡಾಡಿ ನೆತ್ತಿ ಒಂದೆಡೆ 25 ಸೆಂಟಿಮೀಟರ್ ಸವೆದಿದ್ದರೆ ಮುಗಿಯಿತು: ನೀರು ಆ ತಗ್ಗಿನಲ್ಲಿ ಹೊರಳಿ ಗಂಟೆಗಳಲ್ಲಿ ಏರಿಯನ್ನು ಸೀಳುತ್ತದೆ. ಬರ ಕಂಡ ಊರಿಗೆ ಇನ್ನೊಂದು ಅಡಿ ನೀರು ನಿಲ್ಲಿಸುವ ಆಸೆ ಇರುವುದು ನ್ಯಾಯವೇ. ಆದರೆ ಅದನ್ನು ಹೂಳೆತ್ತಿ ಪಡೆಯಬೇಕು, ಕೋಡಿ ಎತ್ತರಿಸಿ ಅಲ್ಲ.

ಪತ್ತೆ ಮಾಡುವ ಬಗೆ ಸರಳ. ಗಾರೆಯವರು ಬಳಸುವ ಪಾರದರ್ಶಕ ನೀರುಮಟ್ಟದ ಪೈಪಿನಿಂದ ಪ್ರತಿ 10 ಮೀಟರಿಗೆ ನೆತ್ತಿಯ ಮಟ್ಟವನ್ನು ಕೋಡಿಯ ಮಟ್ಟಕ್ಕೆ ಹೋಲಿಸಿ ಬರೆಯಿರಿ. ಅತಿ ತಗ್ಗಿನ ಜಾಗವೇ ನಿಮ್ಮ ಏರಿಯ ನಿಜವಾದ ಎತ್ತರ. ಆಮೇಲೆ ಕೋಡಿಯಿಂದ ಕೆಳಗೆ ಅರ್ಧ ಕಿಲೋಮೀಟರ್ ನಡೆಯಿರಿ. ಹಳ್ಳವನ್ನು ಒತ್ತುವರಿ ಮಾಡಿದ್ದರೆ, ಸಣ್ಣ ಪೈಪ್ ಹಾಕಿ ರಸ್ತೆ ಮಾಡಿದ್ದರೆ, ಕೋಡಿ ನೀರು ಹಿಂದಕ್ಕೆ ನಿಲ್ಲುತ್ತದೆ.

ಕೋಡಿಯ ಅಂದಾಜೇ ಚಿಕ್ಕದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಮಚ್ಛು–2 ಸಾಕ್ಷಿ. 1979ರ ಆಗಸ್ಟ್ 11ರಂದು ಅದರ ಗೇಟುಗಳು ಹೊರಬಿಡಬಲ್ಲ ನೀರಿನ ಎರಡು ಪಟ್ಟಿಗಿಂತ ಹೆಚ್ಚು ಪ್ರವಾಹ ಬಂದು, ಎರಡೂ ಬದಿಯ ಮಣ್ಣಿನ ಕಟ್ಟೆಯ ಮೇಲೆ ಹರಿದು ಮೋರ್ಬಿ ಪಟ್ಟಣವನ್ನು ಮುಳುಗಿಸಿತು.

ಗೇಟು ಇರುವ ಕಟ್ಟೆಗಳಲ್ಲಿ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ಒಂದೇ ಬಾಯಿಯಿಂದ 35 ಸಾವಿರ ಕ್ಯುಸೆಕ್ ಆಸುಪಾಸು ನೀರು ಹೊರಟಿತು. ಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನದಿಗೆ ಲಕ್ಷ ಕ್ಯುಸೆಕ್ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹೊಸದಾಗಿ ತಯಾರಿಸಿದ ಸ್ಟಾಪ್ ಲಾಗ್ (ಗೇಟಿನ ಬದಲು ಅಡ್ಡಕ್ಕೆ ಇಳಿಸುವ ತಡೆ) ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಮರುವರ್ಷ ಗೇಟುಗಳ ಬದಲಾವಣೆ ಆಗುವವರೆಗೆ ಜಲಾಶಯವನ್ನು ಪೂರ್ತಿ ತುಂಬಿಸದೆ 80 ಟಿಎಂಸಿ ಅಡಿಯ ಆಸುಪಾಸಿಗೆ ನಿಲ್ಲಿಸಬೇಕಾಯಿತು. ಒಂದು ಕೊಂಡಿಯ ಬೆಲೆ ಒಂದು ಬೆಳೆ.

ಇದಕ್ಕೆ ತದ್ವಿರುದ್ಧ ದೋಷ ಆಂಧ್ರದ ಕಡಪ ಜಿಲ್ಲೆಯ ಅನ್ನಮಯ್ಯ ಅಣೆಕಟ್ಟಿನದು. ಐದು ಗೇಟುಗಳಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ. 2021ರ ನವೆಂಬರ್ 19ರಂದು ಚೆಯ್ಯೇರು ನದಿಗೆ ಭಾರೀ ಪ್ರವಾಹ ಬಂದು ಮಣ್ಣಿನ ಕಟ್ಟೆ ಕೊಚ್ಚಿಹೋಯಿತು.

ಹಾಗಾಗಿ ಮಳೆಗಾಲಕ್ಕೆ ಮುಂಚೆ ಪ್ರತಿ ಗೇಟನ್ನೂ ಕೆಳಗಿನಿಂದ ಮೇಲಿನವರೆಗೆ ಪೂರ್ತಿ ಓಡಿಸಿ. ಒಂದಡಿ ಎತ್ತಿ ಇಳಿಸಿ ಸರಿಯಿದೆ ಎಂದು ಬರೆಯುವುದು ತಪಾಸಣೆಯಲ್ಲ. ಎತ್ತುವಾಗ ಮೋಟಾರಿನ ಆಂಪಿಯರ್ ಬರೆದಿಡಿ: ಹಿಂದಿನ ವರ್ಷಕ್ಕಿಂತ ಏರಿದ್ದರೆ ರೋಲರ್ ಸಿಕ್ಕಿಕೊಂಡಿದೆ ಅಥವಾ ಪಕ್ಕದ ಹಳಿಯಲ್ಲಿ ಹೂಳು, ತುಕ್ಕು ತುಂಬಿದೆ. ಚೈನಿನ ಪ್ರತಿ ಕೊಂಡಿಯನ್ನೂ ಒಂದಕ್ಕೊಂದು ಉಜ್ಜುವ ಜಾಗದಲ್ಲಿ ವರ್ನಿಯರ್ ಹಿಡಿದು ಅಳೆಯಿರಿ. ಮೂಲ ದಪ್ಪದಲ್ಲಿ ಶೇಕಡ ಹತ್ತು ಸವೆದಿದ್ದರೆ ಬದಲಿಸಿ. ಸದಾ ನೀರಿನಂಚಿನಲ್ಲಿರುವ, ಒಮ್ಮೆ ಒದ್ದೆ ಒಮ್ಮೆ ಒಣಗುವ ಕೊಂಡಿಗಳೇ ಮೊದಲು ಹೋಗುವುದು, ಮತ್ತು ಬಣ್ಣ ಬಳಿದ ಮೇಲೆ ಅವುಗಳ ಬಿರುಕು ಕಾಣದು. ಬಣ್ಣ ಕೆರೆದು ಬಿರುಕು ತೋರಿಸುವ ದ್ರವ ಹಚ್ಚಿ ನೋಡಿ. ಜನರೇಟರ್ ಖಾಲಿ ಓಡಿದರೆ ಸಾಲದು, ಗೇಟಿನ ಭಾರ ಹೊತ್ತು ಓಡಬೇಕು. ಕೈಯಿಂದ ತಿರುಗಿಸುವ ಹಿಡಿಕೆ ಎಲ್ಲಿದೆ, ಗೇಟುಮನೆಯ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ ಎಂಬುದೂ ಪರೀಕ್ಷೆಯ ಭಾಗವೇ.

ದುರಸ್ತಿಯಿಂದ ಹೋಗದ ದೋಷ: ಜಾಗದ್ದು

ಮೇಲಿನದೆಲ್ಲ ಸರಿಯಿದ್ದೂ ಕಟ್ಟೆ ತೊಂದರೆ ಕೊಡುತ್ತಿದ್ದರೆ ಅದು ಕೂತಿರುವ ನೆಲವನ್ನು ನೋಡಬೇಕು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ ಏರಿ ಎರಡು ಗುಡ್ಡಗಳ ನಡುವಿನ ಕಿರಿದಾದ ಬಾಯಿಯಲ್ಲಿ ಕೂತಿದೆ. ಇಂಥ ಒಳ್ಳೆಯ ಜಾಗ ಸಿಕ್ಕುವುದು ಅಪರೂಪ.

ಏರಿಯ ಬುಡದಿಂದ ನೂರಾರು ಮೀಟರ್ ದೂರದ ಗುಡ್ಡದ ಪಕ್ಕದಲ್ಲಿ, ಕೆರೆ ತುಂಬಿದಾಗ ಮಾತ್ರ ಹೊಸ ಊಟೆ ಏಳುತ್ತಿದ್ದರೆ ನೀರು ಏರಿಯನ್ನು ಸುತ್ತಿಕೊಂಡು ಗುಡ್ಡದ ಬಂಡೆಯ ಸೀಳುಗಳಲ್ಲಿ ಹೋಗುತ್ತಿದೆ. ಟೀಟನ್‌ನಲ್ಲಿ ಆದದ್ದು ಇದೇ ಬಗೆ: ಸೀಳುಸೀಳಾದ ಜ್ವಾಲಾಮುಖಿ ಬಂಡೆಯ ಮೇಲೆ ನುಣುಪು ಮಣ್ಣಿನ ಕಟ್ಟೆ ಕೂತಿತ್ತು, ಸಂದಿಗಳಲ್ಲಿ ಮಣ್ಣು ಜಾರಿಹೋಯಿತು. ಫ್ರಾನ್ಸಿನ ಮಾಲ್‌ಪಾಸೆ ಕಾಂಕ್ರೀಟ್ ಕಟ್ಟೆ 1959ರ ಡಿಸೆಂಬರ್ 2ರ ರಾತ್ರಿ ಒಡೆದಾಗ ದೋಷ ಕಾಂಕ್ರೀಟಿನಲ್ಲಿರಲಿಲ್ಲ, ಎಡದಂಡೆಯ ಬಂಡೆಯಲ್ಲಿತ್ತು, ಸತ್ತವರು 423.

ನೀರು ನಿಲ್ಲುವ ಬಟ್ಟಲಿನ ಅಂಚನ್ನೂ ನೋಡಿ. ಗುಡ್ಡದಲ್ಲಿ ಬಿಲ್ಲಿನಾಕಾರದ ಬಿರುಕು, ಓರೆಯಾದ ಮರ ಮತ್ತು ಕರೆಂಟ್ ಕಂಬ, ನೀರು ಏರಿದಾಗ ವೇಗವಾಗಿ ಜರುಗುವ ಮಣ್ಣು ಇವೆಲ್ಲ ಕುಸಿತದ ಮುನ್ಸೂಚನೆ. ಇಟಲಿಯ ವಾಯೋಂಟ್ ಕಟ್ಟೆಯ ಮೇಲಿನ ಗುಡ್ಡ ಬಹುಕಾಲ ಹೀಗೆ ಜರುಗುತ್ತಲೇ ಇತ್ತು. 1963ರ ಅಕ್ಟೋಬರ್ 9ರಂದು ಸುಮಾರು 27 ಕೋಟಿ ಘನ ಮೀಟರ್ ಗುಡ್ಡ ಜಲಾಶಯಕ್ಕೆ ಜಾರಿ, ಎದ್ದ ಅಲೆ ಕಟ್ಟೆಯನ್ನು ಹಾರಿ ಕೆಳಗಿನ ಊರುಗಳನ್ನು ಅಳಿಸಿತು. ಹೆಚ್ಚುಕಡಿಮೆ ಎರಡು ಸಾವಿರ ಜನ ಸತ್ತರು. ಕಟ್ಟೆ ಇಂದಿಗೂ ನಿಂತಿದೆ.

ಕೆಳಗೆ ಯಾರಿದ್ದಾರೆ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುವ ದೋಷ. ಲಿಬಿಯಾದ ಡೆರ್ನಾ ನಗರದ ಮೇಲಿನ ಎರಡು ಕಟ್ಟೆಗಳು 1970ರ ದಶಕದವು. 2007ರಲ್ಲಿ ದುರಸ್ತಿಗೆ ಒಪ್ಪಂದವಾಗಿಯೂ ಕೆಲಸ ಮುಗಿಯಲಿಲ್ಲ. 2023ರ ಸೆಪ್ಟೆಂಬರ್ 10–11ರ ರಾತ್ರಿ ಮೇಲಿನದು ಒಡೆದ ನೀರು ಕೆಳಗಿನದನ್ನೂ ಒಡೆದು ನಗರದ ನಡುವೆ ನುಗ್ಗಿತು, ಸಾವಿರಾರು ಜನ ಹೋದರು. ನಮ್ಮ ಬಯಲುಸೀಮೆಯ ಕೆರೆಗಳೂ ಸರಪಳಿಯಂತೆ ಒಂದರ ಕೋಡಿ ಇನ್ನೊಂದಕ್ಕೆ ಎಂಬಂತಿವೆ. ನಿಮ್ಮ ಏರಿಯನ್ನು ಪರೀಕ್ಷಿಸುವಾಗ ಮೇಲಿನ ಕೆರೆಯದನ್ನೂ ಪರೀಕ್ಷಿಸದೆ ಕೆಲಸ ಮುಗಿಯಿತೆನ್ನಬೇಡಿ. ಗದ್ದೆಯಿದ್ದ ಕಡೆ ಬಡಾವಣೆ ಬಂದಿದ್ದರೆ ಅದೇ ಹಳೆಯ ಏರಿಯ ಅಪಾಯ ಹತ್ತಾರು ಪಟ್ಟು ಏರಿದೆ.

ಜಾಗದ ದೋಷಕ್ಕೆ ಮಣ್ಣು ಹಾಕಿ ಫಲವಿಲ್ಲ. ಕೋಡಿಯನ್ನೇ ಶಾಶ್ವತವಾಗಿ ತಗ್ಗಿಸಿ ಕಡಿಮೆ ನೀರು ನಿಲ್ಲಿಸುವುದು, ತುಂಬಿದ ಮಣ್ಣಿನ ಮೇಲಿರುವ ಕೋಡಿಯನ್ನು ಗಟ್ಟಿ ನೆಲಕ್ಕೆ ಸರಿಸುವುದು, ಬಂಡೆಯ ಸೀಳಿಗೆ ಸಿಮೆಂಟ್ ಹಾಲು ಒತ್ತುವುದು, ಅದೂ ಆಗದಿದ್ದರೆ ಬೇಸಿಗೆಯಲ್ಲಿ ಇಂಜಿನಿಯರರ ಸಮ್ಮುಖದಲ್ಲಿ ಕಟ್ಟೆ ಬಿಚ್ಚಿಬಿಡುವುದು. ಕೊನೆಯದನ್ನು ಒಪ್ಪುವುದು ಊರಿಗೆ ಕಷ್ಟ, ಆದರೂ ಅದನ್ನು ಚರ್ಚೆಯ ಪಟ್ಟಿಯಿಂದ ಬಿಡಬಾರದು.

ಬಗ್ಗಡ ನೀರು ಕಂಡಾಗ

ಮೊದಲ ಫೋನು ತಗ್ಗಿನ ಮನೆಗಳಿಗೆ, ಎರಡನೆಯದು 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಕಟ್ಟೆ ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆದಾಗ ಕೆಳಗಿನವರು ಮನೆಯಲ್ಲೇ ಇದ್ದರು. ಜನರನ್ನು ಎಬ್ಬಿಸುವುದು ದುರಸ್ತಿಗಿಂತ ಮುಂಚಿನ ಕೆಲಸ.

ಆಮೇಲೆ ನೀರು ಇಳಿಸಲು ಶುರು ಮಾಡಿ. ತೂಬು ಪೂರ್ತಿ ತೆರೆಯಿರಿ, ಆದರೆ ಬಗ್ಗಡ ಬರುತ್ತಿರುವುದು ತೂಬಿನ ಪಕ್ಕದಿಂದಲೇ ಆದರೆ ಬೇಡ. ಕೋಡಿಯ ಬಲೆ, ಚೀಲ ಕಿತ್ತೆಸೆಯಿರಿ. 160 ಮಿಲಿಮೀಟರ್ ಪಿವಿಸಿ ಪೈಪನ್ನು ನೀರು ತುಂಬಿಸಿ ಏರಿಯ ಮೇಲೆ ಸೈಫನ್ ಆಗಿ ಹಾಕಿದರೆ ಸೆಕೆಂಡಿಗೆ 40 ಲೀಟರಿನಷ್ಟು ಹೊರಬರುತ್ತದೆ. ಅದರ ಬಾಯಿ ಏರಿಯ ಬುಡದಿಂದ ಸಾಕಷ್ಟು ದೂರ, ಹಳ್ಳದಲ್ಲಿರಲಿ. 20 ಹೆಕ್ಟೇರ್ ನೀರು ಹರಡಿದ ಕೆರೆಯನ್ನು 10 ಸೆಂಟಿಮೀಟರ್ ಇಳಿಸಲು ಅಂಥ ಒಂದು ಪೈಪಿಗೆ ಹೆಚ್ಚುಕಡಿಮೆ ಆರು ದಿನ ಬೇಕು, ಹತ್ತು ಪೈಪಿಗೆ ಹದಿನಾಲ್ಕು ಗಂಟೆ. ಆದ್ದರಿಂದ ರೈತರ ಪೈಪು, ಪಂಪುಗಳನ್ನೆಲ್ಲ ಒಮ್ಮೆಗೇ ಕರೆಸಿ. ಗಾಬರಿಯಲ್ಲಿ ಏರಿಯನ್ನೇ ಕಡಿದು ನೀರು ಬಿಡಬೇಡಿ, ಕಡಿದ ಬಾಯಿ ನಿಮ್ಮ ಮಾತು ಕೇಳುವುದಿಲ್ಲ. ತುರ್ತು ಇಲ್ಲದ ದಿನಗಳಲ್ಲಿ ದಿನಕ್ಕೆ 30 ಸೆಂಟಿಮೀಟರಿಗಿಂತ ವೇಗವಾಗಿ ಇಳಿಸಿದರೆ ಎರೆಮಣ್ಣಿನ ಒಳಮೈ ಜಾರುತ್ತದೆ; ಬಗ್ಗಡ ಹೆಚ್ಚುತ್ತಿರುವಾಗ ಆ ಜಾರಿಕೆಯ ಅಪಾಯವನ್ನು ಒಪ್ಪಿಕೊಳ್ಳಲೇಬೇಕು.

ಹೊರಗೆ ನೀರು ಬರುವ ಬಾಯಿಯನ್ನು ಬೆಣೆ, ಬಟ್ಟೆ, ಜೇಡಿಮಣ್ಣಿನಿಂದ ಮುಚ್ಚಬೇಡಿ. ಅದರ ಮೇಲೆ, ಸುತ್ತಲೂ ಒಂದೊಂದು ಮೀಟರ್ ಹರಡುವಂತೆ, 30 ಸೆಂಟಿಮೀಟರ್ ದಪ್ಪ ದಪ್ಪಮರಳು, ಮೇಲೆ ಅಷ್ಟೇ ದಪ್ಪ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ, ಕೊನೆಗೆ ಸೈಜುಗಲ್ಲು. ಮರಳು ತೇಲಿಹೋಗುವಷ್ಟು ರಭಸವಿದ್ದರೆ ಮೊದಲು ಕಲ್ಲು ಸುರಿದು ವೇಗ ಮುರಿದು, ಆಮೇಲೆ ಇದೇ ಕ್ರಮ. ಸಮನೆಲದಲ್ಲಿ ಊಟೆ ಎದ್ದಿದ್ದರೆ ಸುತ್ತ ಮರಳು ಚೀಲದ ಬಳೆ ಕಟ್ಟಿ. ಒಳಗೆ ನೀರು ನಿಂತು ಊಟೆ ಮಣ್ಣು ಉಗುಳುವುದು ನಿಂತ ಎತ್ತರಕ್ಕೆ ಬಳೆಯನ್ನು ನಿಲ್ಲಿಸಿ, ತಿಳಿನೀರು ಒಂದು ಕಡೆಯಿಂದ ಹೊರಳಿ ಹೋಗಲಿ.

ಒಳಬದಿಯಲ್ಲಿ ನೀರಿನ ಮೇಲೆ ಸುಳಿ ಕಂಡರೆ ಬಿಲದ ಬಾಯಿ ಅಲ್ಲಿದೆ. ದಡದಿಂದಲೇ ಹುಲ್ಲಿನ ಹೊರೆ, ಮಣ್ಣು ತುಂಬಿದ ಚೀಲ ಇಳಿಬಿಡಿ, ಟಾರ್ಪಾಲಿನ ಅಂಚಿಗೆ ಕಲ್ಲು ಕಟ್ಟಿ ಮೇಲೆ ಜಾರಿಸಿ. ಯಾರೂ ನೀರಿಗೆ ಇಳಿಯಬಾರದು, ಈಜು ಬಲ್ಲವರೂ. ನೆತ್ತಿಯ ಮೇಲೆ ಟ್ರ್ಯಾಕ್ಟರ್, ಜೆಸಿಬಿ ನಿಲ್ಲಿಸಬೇಡಿ. ಕೆಲಸ ಮಾಡುವವರ ಸೊಂಟಕ್ಕೆ ಹಗ್ಗವಿರಲಿ, ಒಬ್ಬರು ಬರೀ ನೆತ್ತಿಯನ್ನು ನೋಡುತ್ತಿರಲಿ. ನೆತ್ತಿ ಕುಸಿಯತೊಡಗಿದ ಕ್ಷಣ ಎಲ್ಲರೂ ಏರಿಯ ಕೊನೆಗಳ ಕಡೆಗೆ, ಎತ್ತರದ ನೆಲಕ್ಕೆ.

ಪ್ರತಿ ಅರ್ಧ ಗಂಟೆಗೊಮ್ಮೆ ಬಾಟಲಿ ತುಂಬಿಸಿ ಸಾಲಾಗಿ ಇಡಿ, ದಿನ, ಗಂಟೆ, ಕೆರೆಯ ಮಟ್ಟ ಬರೆದ ಚೀಟಿ ಅಂಟಿಸಿ. ನೀರು ತಿಳಿಯಾಗುತ್ತಿದೆಯೋ ಇಲ್ಲವೋ ಎಂದು ಸಾಲು ನೋಡಿದರೆ ತಿಳಿಯುತ್ತದೆ. ತಿಳಿಯಾದ ಮೇಲೂ ಬಾಟಲಿಗಳನ್ನು ಚೆಲ್ಲಬೇಡಿ; ಇಂಜಿನಿಯರ್ ಬಂದಾಗ ತಳದಲ್ಲಿ ಕೂತ ಮಣ್ಣಿನ ಬಣ್ಣ ನೋಡಿ ಅದು ಏರಿಯ ಯಾವ ಪದರದ್ದು, ಎಲ್ಲಿ ಅಗೆಯಲು ಶುರು ಮಾಡಬೇಕು ಎಂದು ಹೇಳಬಲ್ಲರು.